ಏರುದಾರಿಯೂ ಇಂಧನದ ಲೆಕ್ಕವೂ

ಸಿಂದಗಿಯ ಎರೆನೆಲದಲ್ಲಿ ದೊಡ್ಡ ಬೆಟ್ಟಗಳಿಲ್ಲ. ಹಳ್ಳಕ್ಕಿಳಿದು ಮತ್ತೆ ದಿಣ್ಣೆಗೇರುವ ರಸ್ತೆಗಳು ಮಾತ್ರ ಉಂಟು. ಇಳಿಜಾರಿನಲ್ಲಿ ಗಳಿಸಿದ ವೇಗದಿಂದಲೇ ಎದುರಿನ ಏರನ್ನು ದಾಟಿ ಇಂಧನವನ್ನುಳಿಸುವ ಉಪಾಯ ಇಲ್ಲಿ ಸಲ್ಲುತ್ತದೆ. ಎಲ್ಲ ಏರುಗಳಲ್ಲಿಯೂ ಸಲ್ಲುವುದೇ?

ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್ ವೇಗದ ವಾಹನವನ್ನು ತೆಗೆದುಕೊಳ್ಳೋಣ. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಇಮ್ಮಡಿಯಿಂದ ಭಾಗಿಸಿದರೆ, ಅದರ ಚಲನಶಕ್ತಿಯು ಏರಿಸಬಲ್ಲ ಎತ್ತರ ದೊರೆಯುವುದು: ಸುಮಾರು 11 ಮೀಟರ್. ಹಳ್ಳದ ದಿಣ್ಣೆಗೆ ಇದು ಸಾಕು.

ಆದರೆ ಅದೇ ಲಾರಿ ವಿಜಯಪುರ, ಹುಬ್ಬಳ್ಳಿಗಳ ಮಾರ್ಗವಾಗಿ ಅಂಕೋಲೆಗೆ ಹೋಗಿ, ಸರಕು ಹೇರಿಕೊಂಡು ಅರಬೈಲು ಘಟ್ಟವನ್ನೇರಿ ಮರಳಬೇಕೆನ್ನಿ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 3.6 ಕೋಟಿ ಜೂಲ್ ಶಕ್ತಿಯಿದೆ. ಎಂಜಿನು ಅದರ ಮೂರನೆಯ ಒಂದು ಪಾಲನ್ನು ಕೆಲಸವಾಗಿಸಿತೆಂದರೂ, 15 ಟನ್ ತೂಕವನ್ನು 400 ಮೀಟರ್ ಎತ್ತಲು ಸುಮಾರು 5 ಲೀಟರ್ ಬೇಕು. ಈ ಸುಂಕವನ್ನು ಯಾವ ಚತುರ ಚಾಲಕನೂ ತಪ್ಪಿಸಲಾರ. ಅವನು ಉಳಿಸಬಲ್ಲದ್ದು ಪೋಲಾಗುವುದನ್ನು ಮಾತ್ರ: ಎಂಜಿನು ಏದುಸಿರು ಬಿಡುವ ಮೊದಲೇ ಕೆಳಗಿನ ಗೇರಿಗೆ ಬರುವುದು, ವೇಗವರ್ಧಕವನ್ನು ಪೂರ್ತಿ ತುಳಿಯದೆ ಸಮವೇಗದಲ್ಲಿ ಏರುವುದು, ಟೈರುಗಳಲ್ಲಿ ತಕ್ಕಷ್ಟು ಗಾಳಿಯಿಡುವುದು.

ಘಟ್ಟವಿಳಿಯುವಾಗ ಗೇರನ್ನು ತಟಸ್ಥವಾಗಿಟ್ಟರೆ ಇಂಧನವುಳಿಯುವುದೆಂಬ ನಂಬಿಕೆಯುಂಟು. ಇದು ತಪ್ಪು, ಅಪಾಯಕರವೂ ಹೌದು. ಗೇರಿನಲ್ಲಿದ್ದು ವೇಗವರ್ಧಕದಿಂದ ಕಾಲೆತ್ತಿದರೆ, ಇಂದಿನ ಎಂಜಿನುಗಳಲ್ಲಿ ಇಂಧನದ ಪೂರೈಕೆಯೇ ನಿಲ್ಲುತ್ತದೆ. ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ತಟಸ್ಥದಲ್ಲಾದರೋ ಎಂಜಿನು ಇಂಧನವನ್ನು ಸುಡುತ್ತಲೇ ಇರುವುದು. ಭಾರವೆಲ್ಲ ಬ್ರೇಕುಗಳ ಮೇಲೆ ಬಿದ್ದು, ಅವು ಕಾದು ಹಿಡಿತ ತಪ್ಪುವುವು. ಆದುದರಿಂದ ಏರುವಾಗ ಯಾವ ಗೇರು ಬೇಕೋ, ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ನಿಯಮವನ್ನು ನಾವು ಮರೆಯಬಾರದು.