ಓದುವ ಮಕ್ಕಳ ಮನೋಬಲ

ಊರಿನ ಶಾಲೆಯಲ್ಲಿ ಮೊದಲನೆಯವನೆನಿಸಿದ್ದ ಹುಡುಗನು ವಿಶ್ವವಿದ್ಯಾನಿಲಯವನ್ನು ಸೇರಿದಾಗ, ಅಲ್ಲಿ ತನ್ನಂತಹ ಮೊದಲನೆಯವರು ನೂರಾರು ಮಂದಿ ಇರುವುದನ್ನು ಕಾಣುತ್ತಾನೆ. ಪಾಠವೆಲ್ಲ ಇಂಗ್ಲಿಷಿನಲ್ಲಿ; ಕೋಣೆಯ ಜೊತೆಗಾರರು ಅಪರಿಚಿತರು; ತನಗಾಗಿ ತಂದೆಯು ಮಾಡಿದ ಸಾಲದ ನೆನಪು ಬೇರೆ. ಮೊದಲ ಪರೀಕ್ಷೆಯಲ್ಲಿಯೇ ಅಂಕಗಳು ಇಳಿದುವೆಂದರೆ, ‘ನಾನು ಯಾವುದಕ್ಕೂ ಬಾರದವನು’ ಎಂಬ ಶಂಕೆಯು ಮನಸ್ಸನ್ನು ಹೊಗುತ್ತದೆ. ಹೆಣ್ಣುಮಕ್ಕಳ ಪಾಡೂ ಇದಕ್ಕಿಂತ ಬೇರೆಯಲ್ಲ.

ಇದನ್ನು ಎಳೆಯರ ಅಧೈರ್ಯವೆಂದು ತಳ್ಳಿಹಾಕತಕ್ಕದ್ದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯಂತೆ, 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದ ಶಾಲಾಕಾಲೇಜುಗಳ 13,044 ಮಂದಿ ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು. ವಿಷಯದ ಗುರುತ್ವವನ್ನು ಮನಗಂಡ ಸರ್ವೋಚ್ಚ ನ್ಯಾಯಾಲಯವು, ಉನ್ನತ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು ವಿಚಾರಮಾಡಲು, 2025ನೆಯ ಮಾರ್ಚಿಯಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ಒಂದು ರಾಷ್ಟ್ರೀಯ ಕಾರ್ಯಪಡೆಯನ್ನು ನೇಮಿಸಿತು.

ನ್ಯಾಯಾಲಯದ ಕೆಲಸ ನ್ಯಾಯಾಲಯಕ್ಕೆ; ಮನೆಯ ಕೆಲಸವಾವುದು? ಅಳದೆ ನುಂಗಿಕೊಳ್ಳುವುದೇ ಮನೋಬಲವೆಂದು ನಮ್ಮಲ್ಲಿ ಬಹುಜನರು ಬಗೆದಿರುವರು. ಆದರೆ ನುಂಗಿದ ದುಃಖವು ಜೀರ್ಣವಾಗುವುದಿಲ್ಲ. ಬಿದ್ದಾಗ ‘ಕೈಕೊಡಿ’ ಎಂದು ಕೇಳಿ ಮೇಲೇಳುವುದೇ ನಿಜವಾದ ಬಲ. ಇದು ಹುಟ್ಟಿನಿಂದ ಬಂದ ವರವಲ್ಲ. ಸಾಕಷ್ಟು ನಿದ್ರೆ, ಹೊತ್ತಿಗೆ ಊಟ, ಕೊಂಚ ಆಟಪಾಟ, ಮನಬಿಚ್ಚಿ ಮಾತನಾಡಲು ಒಬ್ಬ ಗೆಳೆಯ, ಇವುಗಳಿಂದ ದಿನದಿನಕ್ಕೂ ಕೂಡಿಬರುವಂಥದು.

ಭಾನುವಾರ ಮಗನೊಡನೆ ಫೋನಿನಲ್ಲಿ ಮಾತನಾಡುವಾಗ ನಮ್ಮ ಮೊದಲ ಪ್ರಶ್ನೆ ಯಾವುದು? ‘ಅಂಕ ಎಷ್ಟು ಬಂತು?’ ಎಂದರೆ ಅವನು ಸೋಲನ್ನು ಬಚ್ಚಿಡಲು ಕಲಿಯುವನು. ‘ನಿದ್ರೆ ಬರುತ್ತಿದೆಯೇನಪ್ಪ? ಯಾರೊಡನೆ ಊಟಮಾಡುತ್ತೀ?’ ಎಂದರೆ ಹೇಳಿಕೊಳ್ಳಲು ಬಾಗಿಲು ತೆರೆದಂತಾಗುವುದು.

ಎರಡು ವಾರಗಳಾದರೂ ಅವನ ಮನಸ್ಸು ಮಂಕಾಗಿಯೇ ಇದ್ದು, ನಿದ್ರೆಯೂ ಹಸಿವೂ ಕೆಟ್ಟು, ಯಾರೊಡನೆಯೂ ಬೆರೆಯದಾದರೆ ವೈದ್ಯರನ್ನು ಕಾಣಬೇಕು. ‘ಬದುಕಿ ಫಲವಿಲ್ಲ’ ಎಂಬ ಮಾತು ಬಂದರಂತೂ ಒಂದು ದಿನವೂ ತಡೆಯಲಾಗದು. ಒಬ್ಬನೇ ಇರಲು ಬಿಡಲೂ ಬಾರದು. 2022ರಲ್ಲಿ ಸರ್ಕಾರವು ಆರಂಭಿಸಿದ ‘ಟೆಲಿ ಮಾನಸ್’ ಎಂಬ ಸೇವೆಯುಂಟು. 14416 ಎಂಬ ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಮದ್ದು ಕೇಳಲು ನಾಚದ ನಾವು ಮನಸ್ಸಿನ ನೋವಿಗೆ ಏತಕ್ಕೆ ನಾಚಬೇಕು?

ಪದವಿಗಿಂತ ಮಗುವು ದೊಡ್ಡದು. ಎಲ್ಲ ತಂದೆತಾಯಿಗಳೂ ಇದನ್ನು ಬಲ್ಲರು. ಆದರೆ ಮಕ್ಕಳು ಈ ಮಾತನ್ನು ನಮ್ಮ ಬಾಯಿಂದಲೇ, ಪರೀಕ್ಷೆಗೆ ಮುಂಚೆಯೇ ಕೇಳಿರಬೇಕು.