ಊರಿಗೊಂದು ವೆಬ್‌ಸೈಟ್: ಪಾರಿಶ್ವಾಡದಂಥ ಊರಲ್ಲಿ ನಡೆಸೋದು ಹೇಗೆ, ಜನಕ್ಕೆ ಮುಟ್ಟಿಸೋದು ಹೇಗೆ?

ನಿಮ್ಮೂರಿನ ಹೆಸರನ್ನು ಒಮ್ಮೆ ಗೂಗಲ್‌ನಲ್ಲಿ ಹಾಕಿ ನೋಡಿ. ಬಹುತೇಕ ಹಳ್ಳಿಗಳಿಗೆ ಬರೋದು ಒಂದೇ ನಮೂನೆ: ಪಿನ್‌ಕೋಡ್, 2011ರ ಜನಗಣತಿಯ ಅಂಕಿ, ತಾಲ್ಲೂಕು ಕೇಂದ್ರಕ್ಕೆ ಎಷ್ಟು ಕಿಲೋಮೀಟರ್, ಹತ್ತಿರದ ರೈಲು ನಿಲ್ದಾಣ ಯಾವುದು. ಕಂಪ್ಯೂಟರ್ ತಾನೇ ತಯಾರಿಸಿದ ಪುಟಗಳು. ಭತ್ತ ಕಟಾವಿನ ಮಷಿನ್ ಯಾರ ಹತ್ತಿರ ಇದೆ, ಗಂಟೆಗೆ ಎಷ್ಟು ಬಾಡಿಗೆ, ಪಶು ಡಾಕ್ಟರ್ ಯಾವ ದಿನ ಬರ್ತಾರೆ, ಪಿಕೆಪಿಎಸ್‌ಗೆ ಯೂರಿಯಾ ಲೋಡ್ ಬಂತೋ ಇಲ್ಲೋ, ಇದೊಂದೂ ಅಲ್ಲಿರಲ್ಲ.

ಇವೆಲ್ಲ ವಾಟ್ಸಾಪ್ ಗ್ರೂಪಲ್ಲಿ ಬರ್ತಾವಲ್ರೀ ಅಂತೀರಿ. ಬರ್ತಾವೆ, ಹೋಗ್ತಾವೆ. ಮೊನ್ನೆ ಯಾರೋ ಹಾಕಿದ್ದ ಹಾರ್ವೆಸ್ಟರ್ ನಂಬರ್ ಹುಡುಕಬೇಕಂದ್ರೆ ನೂರು ಗುಡ್ ಮಾರ್ನಿಂಗ್ ಫೋಟೋ ದಾಟಬೇಕು. ಗ್ರೂಪಿಗೆ ಸೇರದವರಿಗೆ ಅದೂ ಇಲ್ಲ, ಯಾಕಂದ್ರೆ ಒಂದು ಗ್ರೂಪಿಗೆ 1,024 ಜನರ ಮಿತಿ ಇದೆ. ಊರಿಗೆ ಒಂದು ಚಿಕ್ಕ ವೆಬ್‌ಸೈಟ್ ಇದ್ದರೆ ಮಾಹಿತಿ ಒಂದು ಕಡೆ ನಿಲ್ಲುತ್ತೆ, ತಾರೀಖಿನ ಸಮೇತ ನಿಲ್ಲುತ್ತೆ. ಈ ವಾರ ಅದರ ಬಗ್ಗೆ ನೋಡೋಣ. ಉದಾಹರಣೆಗೆ ಖಾನಾಪುರ ತಾಲ್ಲೂಕಿನ ಪಾರಿಶ್ವಾಡವನ್ನೇ ಇಟ್ಟುಕೊಳ್ಳೋಣ. ನಿಮ್ಮೂರು ಅಥಣಿ ಇರಲಿ, ಅಣ್ಣಿಗೇರಿ ಇರಲಿ, ಲೆಕ್ಕ ಅದೇ.

ಮೊದಲು ಮಾಡಿದವರು ಇದ್ದಾರೆ

ಊರಿನ ಮಾಹಿತಿಯನ್ನು ಊರಿನವರೇ ನಡೆಸೋದು ಹೊಸದೇನಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ (ಹೈದರಾಲಿ ಹುಟ್ಟಿದ ಊರು) 2000ದ ದಶಕದ ಆರಂಭದಲ್ಲೇ 'ನಮ್ಮ ಧ್ವನಿ' ಅಂತ ಸಮುದಾಯ ಕೇಂದ್ರ ಶುರುವಾಯ್ತು. ಆಗ ಹಳ್ಳಿಯವರು ರೇಡಿಯೊ ನಡೆಸೋಕೆ ಸರ್ಕಾರದ ಅನುಮತಿಯೇ ಇರಲಿಲ್ಲ, ಅದು ಸಿಕ್ಕಿದ್ದು 2006ರಲ್ಲಿ. ಅಲ್ಲಿವರೆಗೆ ಕಾಯದೆ ಅವರು ಟಿವಿ ಕೇಬಲ್ ತಂತಿಯಲ್ಲೇ ಧ್ವನಿ ಕಳಿಸಿ ಮನೆಮನೆಗೆ ಮುಟ್ಟಿಸಿದರು. ಕಾರ್ಯಕ್ರಮ ಮಾಡಿದ್ದು ಊರಿನ ಹೆಣ್ಣುಮಕ್ಕಳು, ಹುಡುಗರು.

ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ನಡೀತಾ ಇದೆ. ಶ್ರೀ ಪಡ್ರೆಯವರ ಆ ಬಳಗ 'ಕೃಷಿಕರ ಕೈಗೆ ಲೇಖನಿ' ಅಂತ ರೈತರಿಗೇ ಬರೆಯೋದನ್ನು ಕಲಿಸಿತು. ಇಂಟರ್ನೆಟ್ಟಿಗೆ ಬಂದರೆ ಹರಿಪ್ರಸಾದ್ ನಾಡಿಗ್ 2005ರಲ್ಲಿ 'ಸಂಪದ' ಶುರು ಮಾಡಿದರು, ಓದುಗರೇ ಅಲ್ಲಿ ಬರಹಗಾರರು. ನಮ್ಮ ಬೆಳಗಾವಿ ನಗರಕ್ಕೆ 'ಆಲ್ ಅಬೌಟ್ ಬೆಳಗಾಂ' ಅಂತ ಇಂಗ್ಲಿಷ್ ತಾಣ ಇದೆ. ನಗರದ ರಸ್ತೆ, ಕಾರ್ಯಕ್ರಮ, ಹಳೇ ಫೋಟೋ ಎಲ್ಲ ಅಲ್ಲಿ ಸಿಗುತ್ತೆ. ಹಳ್ಳಿ ಕಡೆಗೆ, ಅದೂ ಕನ್ನಡದಲ್ಲಿ, ಅಂಥದ್ದು ಬಹಳ ಕಡಿಮೆ.

ಏನು ಹಾಕಬೇಕು?

ಇಲ್ಲೇ ಬಹಳ ಜನ ಎಡವೋದು. ಊರಿನ ಇತಿಹಾಸ, ದೇವಸ್ಥಾನದ ಫೋಟೋ, ಗಣ್ಯರ ಪಟ್ಟಿ ಹಾಕಿ ಸೈಟ್ ಮುಗೀತು ಅಂತಾರೆ. ಅದನ್ನು ಜನ ಒಮ್ಮೆ ನೋಡ್ತಾರೆ, ಎರಡನೇ ಸಲ ಬರಲ್ಲ. ಎರಡನೇ ಸಲ ಬರೋ ಹಾಗೆ ಮಾಡೋದು ಬೇಸಾಯದ ಕ್ಯಾಲೆಂಡರ್.

ಖಾನಾಪುರ ಭಾಗದಲ್ಲಿ ಮುಂಗಾರಿನ ಹೊತ್ತಿಗೆ ಕೂರಿಗೆ ಭತ್ತದ ಬಿತ್ತನೆ. ಆವಾಗ ಬೇಕಾಗೋದು ಬೀಜ ಎಲ್ಲಿ ಬಂತು, ಮಳೆ ಎಷ್ಟು ಬಿತ್ತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ಅವರ 'ವರುಣ ಮಿತ್ರ' ಸಹಾಯವಾಣಿ 9243345433ಕ್ಕೆ ಫೋನ್ ಮಾಡಿ ಕೇಳಿ, ನಿಮ್ಮ ಪಂಚಾಯಿತಿಯ ಮಳೆಯನ್ನು ದಿನಾ ಒಂದು ಸಾಲಲ್ಲಿ ಬರೆದಿಡಿ. ಮೂರು ವರ್ಷ ಬಿಟ್ಟರೆ ಅದು ಊರಿನ ಆಸ್ತಿ. ಬೆಳೆ ವಿಮೆ ತಕರಾರು ಬಂದಾಗ ಯಾವ ವಾರ ಏನಾಗಿತ್ತು ಅಂತ ಹೇಳೋಕೆ ನಿಮ್ಮ ಹತ್ತಿರ ಒಂದು ಲೆಕ್ಕ ಇರುತ್ತೆ. 2019ರ ಆಗಸ್ಟ್ ನೆರೆ ನೆನಪಿಸಿಕೊಳ್ಳಿ. ಯಾವ ರಸ್ತೆ ಬಂದ್, ಯಾವ ಸೇತುವೆ ಮೇಲೆ ನೀರು ಅನ್ನೋದನ್ನು ಎಲ್ಲರೂ ಫೋನ್ ಮಾಡಿ ಮಾಡಿ ಕೇಳಬೇಕಾಯ್ತು.

ಗೆಣಸಿನ ಸೀಸನ್‌ಗೆ ಬೆಳಗಾವಿ ಎಪಿಎಂಸಿ ದರ. ಪಶ್ಚಿಮದ ಕಾಡಂಚಿನ ಊರುಗಳಿಗೆ ಆನೆ, ಕಾಡುಕೋಣ ಬೆಳೆ ತಿಂದರೆ ಪರಿಹಾರದ ಅರ್ಜಿಗೆ ಯಾವ ಯಾವ ದಾಖಲೆ ಬೇಕು. ಇವು ಒಂದೊಂದು ಪುಟ.

ಕಬ್ಬಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಂಥ ಸೈಟಿನ ನಿಜವಾದ ಬೆಲೆ ಗೊತ್ತಾಗೋದು ಇಲ್ಲೇ. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತಿದ್ದು ನಿಮಗೆ ಗೊತ್ತು. ಕೊನೆಗೆ ಸರ್ಕಾರ 3,300 ಅಂತ ಘೋಷಿಸಿತು. ಇನ್ನೊಂದು ಕಡೆ ಕೇಂದ್ರದ 2025-26ರ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅಂದ್ರೆ ಟನ್ನಿಗೆ 3,550. ಹಾಗಾದ್ರೆ ಎಫ್‌ಆರ್‌ಪಿಯೇ ಜಾಸ್ತಿ ಇದ್ದಾಗ ಹೋರಾಟ ಯಾಕೆ ಅಂತ ಹೊಸಬರು ಕೇಳ್ತಾರೆ. ಉತ್ತರ ಎರಡು ಸಾಲಿನದು. ಎಫ್‌ಆರ್‌ಪಿಯ 3,550 ಅನ್ನೋದು ಶೇ. 10.25 ರಿಕವರಿಗೆ, ಅದರಲ್ಲೇ ಕಟಾವು ಮತ್ತು ಸಾಗಣೆ ಖರ್ಚು ಮುರ್ಕೊತಾರೆ. ಘೋಷಣೆಯ 3,300 ಅನ್ನೋದು ಶೇ. 11.25 ರಿಕವರಿಗೆ, ಕಟಾವು ಸಾಗಣೆ ಬಿಟ್ಟು ಕೈಗೆ ಬರೋ ಲೆಕ್ಕ. ರಿಕವರಿ ಪ್ರತಿ 0.1 ಹೆಚ್ಚಾದಾಗ ಕ್ವಿಂಟಲ್‌ಗೆ 3.46 ರೂಪಾಯಿ ಸೇರುತ್ತೆ. ಹಾಗಾಗಿ 11.25ಕ್ಕೆ ಎಫ್‌ಆರ್‌ಪಿ ಟನ್ನಿಗೆ 3,896 ಆಗುತ್ತೆ, ಅದರಿಂದ ಕಟಾವು ಸಾಗಣೆ ಕಳೀಬೇಕು.

ಈ ಒಂದು ಪ್ಯಾರಾ ನಿಮ್ಮೂರಿನ ಸೈಟಲ್ಲಿ ಇದ್ದು, ಕೆಳಗೆ ಸುತ್ತಲಿನ ಕಾರ್ಖಾನೆಗಳ ರಿಕವರಿ ಎಷ್ಟು, ಕಟಾವು ಸಾಗಣೆಗೆ ಎಷ್ಟು ಮುರ್ಕೊಂಡರು ಅಂತ ರೈತರ ಬಿಲ್ ನೋಡಿ ಬರೆದ ಒಂದು ಪಟ್ಟಿ ಇದ್ದರೆ, ಸುತ್ತಲಿನ ಹತ್ತು ಹಳ್ಳಿಯವರು ಅದನ್ನು ನೋಡೇ ನೋಡ್ತಾರೆ. ಪ್ರಚಾರವೇ ಬೇಡ. ಬಿಲ್ಲಿನ ಫೋಟೋ ಹಾಕೋವಾಗ ಮಾತ್ರ ಹೆಸರು, ಬ್ಯಾಂಕ್ ಖಾತೆ ಮುಚ್ಚಿ.

ಹೆಸರು, ಖರ್ಚು, ಅಕ್ಷರ

ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಅಂದಾಜು ಸಾವಿರ ರೂಪಾಯಿ ಒಳಗೇ ಆಗುತ್ತೆ. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರೂ ಸಿಗುತ್ತೆ, ನೋಡೋಕೆ ಚೆಂದ, ಆದ್ರೆ ಫೋನಲ್ಲಿ ಬಾಯಿಂದ ಹೇಳಿ ಟೈಪ್ ಮಾಡಿಸೋದು ಕಷ್ಟ. ನನ್ನ ಕೇಳಿದ್ರೆ ಮೊದಲು ಡಾಟ್ ಇನ್ ತಗೊಳ್ಳಿ. ಪುಟ ಇಡೋಕೆ ಬ್ಲಾಗರ್, ಗೂಗಲ್ ಸೈಟ್ಸ್, ವರ್ಡ್‌ಪ್ರೆಸ್ ಇವುಗಳ ಉಚಿತ ಸೇವೆ ಒಂದು ಊರಿಗೆ ಧಾರಾಳ ಸಾಕು. ಯಾರಾದ್ರೂ ಬಂದು ಮೂವತ್ತು ಸಾವಿರಕ್ಕೆ ಸೈಟ್ ಮಾಡಿಕೊಡ್ತೀನಿ ಅಂದ್ರೆ ಚಹಾ ಕುಡಿಸಿ ಕಳಿಸಿ.

ಅಕ್ಷರ ಯುನಿಕೋಡ್‌ನಲ್ಲೇ ಇರಲಿ. ಡಿಟಿಪಿ ಅಂಗಡಿಯಿಂದ ಹಳೇ ನುಡಿ, ಬರಹ ಫಾಂಟಲ್ಲಿ ತಂದ ಬರಹ ಸೈಟಿಗೆ ಹಾಕಿದರೆ ಗೂಗಲ್‌ಗೆ ಅದು ಅರ್ಥವಾಗಲ್ಲ, ಮೊಬೈಲಲ್ಲೂ ಚಿತ್ರವಿಚಿತ್ರ ಕಾಣುತ್ತೆ. ನೋಟಿಸಿನ ಫೋಟೋ ಮಾತ್ರ ಹಾಕಿದರೂ ಹುಡುಕಿದಾಗ ಸಿಗಲ್ಲ. ಟೈಪ್ ಮಾಡೋಕೆ ಬೇಜಾರಾದ್ರೆ ಜಿಬೋರ್ಡ್‌ನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿ, ಅದೇ ಬರ್ಕೊಳ್ಳುತ್ತೆ, ಆಮೇಲೆ ತಿದ್ದಿ.

ಊರಿನ ಹೆಸರನ್ನು ಜನ ಹೇಗೆಲ್ಲ ಬರೀತಾರೋ ಹಾಗೆಲ್ಲ ಒಂದು ಕಡೆ ಬರೆಯಿರಿ: ಪಾರಿಶ್ವಾಡ, ಪಾರಿಶವಾಡ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ತಾಲ್ಲೂಕಿನ ಜೊತೆ ಬೆಳಗಾವಿ ಜಿಲ್ಲೆ ಅಂತ ಸೇರಿಸೋದು ಮರೀಬೇಡಿ. ಖಾನಾಪುರ ಅನ್ನೋ ತಾಲ್ಲೂಕು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲೂ ಇದೆ, ತೆಲಂಗಾಣದಲ್ಲೂ ಒಂದು ಖಾನಾಪುರ ಇದೆ. ಇನ್ನೊಂದು ಮಾತು. ನಮ್ಮ ತಾಲ್ಲೂಕಲ್ಲಿ ಮನೆಯಲ್ಲಿ ಮರಾಠಿ ಆಡೋ ರೈತರು ಬಹಳ. ಮಳೆ, ದರ, ಬಸ್ ಬಂದ್ ಇಂಥ ತುರ್ತು ಸುದ್ದಿಗೆ ಕೆಳಗೆ ಎರಡು ಸಾಲು ಮರಾಠಿ ಹಾಕಿದರೆ ಅವರೂ ಬರ್ತಾರೆ. ದರಕ್ಕೆ ಯಾವ ಭಾಷೆಯ ಜಗಳವೂ ಇಲ್ಲ.

ಫೋಟೋ ಮೊಬೈಲಿಂದ ಹಾಗೇ ಹಾಕಬೇಡಿ. ನಾಲ್ಕೈದು ಎಂಬಿ ಫೋಟೋ ಹೊಲದಲ್ಲಿ, ಒಂದೇ ಕಡ್ಡಿ ಸಿಗ್ನಲ್‌ನಲ್ಲಿ ತೆರೆಯೋದೇ ಇಲ್ಲ. 200 ಕೆಬಿ ಒಳಗೆ ಇಳಿಸಿ.

ಜನಕ್ಕೆ ಮುಟ್ಟಿಸೋದು

ವಾಟ್ಸಾಪ್ ಶತ್ರು ಅಂತ ತಿಳೀಬೇಡಿ, ಅದೇ ನಿಮ್ಮ ಡಂಗುರ. ಆದ್ರೆ ದಿನಾ ಹತ್ತು ಲಿಂಕ್ ಎಸೆದರೆ ಜನ ಗ್ರೂಪ್ ಮ್ಯೂಟ್ ಮಾಡ್ತಾರೆ. ವಾರಕ್ಕೊಂದು ದಿನ ಗೊತ್ತು ಮಾಡ್ಕೊಳ್ಳಿ, ಸಂತೆಯ ಹಿಂದಿನ ಸಂಜೆ ಆದ್ರೆ ಚಲೋ. ಮುಖ್ಯ ಮಾತನ್ನು ಮೆಸೇಜಲ್ಲೇ ಹೇಳಿ, ಪೂರ್ತಿ ವಿವರಕ್ಕೆ ಲಿಂಕ್ ಕೊಡಿ. 'ಶಾಕಿಂಗ್ ಸುದ್ದಿ, ಇಲ್ಲಿ ಒತ್ತಿ' ಅನ್ನೋದು ಒಂದು ಸಲ ನಡೆಯುತ್ತೆ. ಊರಲ್ಲಿ ಮರುದಿನ ನಿಮ್ಮ ಮುಖ ನೋಡೋರು ಅವರೇ, ಇದು ನೆನಪಿರಲಿ. 2023ರಿಂದ ವಾಟ್ಸಾಪ್ ಚಾನೆಲ್ ಬಂದಿದೆ. ಅದರಲ್ಲಿ ಸೇರಿದವರ ನಂಬರ್ ಬೇರೆ ಸದಸ್ಯರಿಗೆ ಕಾಣಲ್ಲ, ಹೀಗಾಗಿ ಹೆಣ್ಣುಮಕ್ಕಳು ಧೈರ್ಯವಾಗಿ ಸೇರ್ತಾರೆ.

ಕ್ಯೂಆರ್ ಕೋಡ್ ಒಂದನ್ನು ಪ್ರಿಂಟ್ ಹಾಕಿಸಿ ಪಿಕೆಪಿಎಸ್, ಹಾಲಿನ ಡೇರಿ, ಗೊಬ್ಬರದ ಅಂಗಡಿ, ಕಿರಾಣಿ, ಬಸ್ ಸ್ಟ್ಯಾಂಡ್ ಚಹಾದಂಗಡಿಗೆ ಅಂಟಿಸಿ. ಫೋನ್‌ಪೇ ಪುಣ್ಯದಿಂದ ಸ್ಕ್ಯಾನ್ ಮಾಡೋದು ಅಜ್ಜಂದಿರಿಗೂ ಬರುತ್ತೆ. ಆದ್ರೆ ಕೋಡಿನ ಮೇಲೆ 'ಇಲ್ಲಿ ದುಡ್ಡು ಹೋಗುವುದಿಲ್ಲ, ಊರಿನ ಸುದ್ದಿ ಮಾತ್ರ' ಅಂತ ದಪ್ಪಗೆ ಬರೆಸಿ.

ಮರೆತುಹೋಗೋ ಓದುಗರು ಇನ್ನೊಬ್ಬರಿದ್ದಾರೆ: ಗೋವಾ, ಪುಣೆ, ಬೆಂಗಳೂರಿಗೆ ದುಡಿಯೋಕೆ ಹೋದವರು. ಜಾತ್ರೆ ಯಾವಾಗ, ಯಾರು ತೀರಿಕೊಂಡರು, ಗ್ರಾಮಸಭೆ ಎಂದು, ಇದನ್ನು ಊರಲ್ಲಿ ಇರೋರಿಗಿಂತ ಅವರೇ ಹೆಚ್ಚು ಹುಡುಕ್ತಾರೆ. ಡೊಮೈನ್ ದುಡ್ಡು ಕೊಡೋಕೂ ಅವರೇ ಮುಂದೆ ಬರ್ತಾರೆ.

ನಂಬಿಕೆ ಕೆಡೋ ಜಾಗಗಳು

ಔಷಧಿ ಅಂಗಡಿಯವರು ಜಾಹೀರಾತು ಕೊಟ್ಟರೆ ತಗೊಳ್ಳಿ, ತಪ್ಪಿಲ್ಲ, ಆದ್ರೆ 'ಜಾಹೀರಾತು' ಅಂತ ಬರೆದೇ ಹಾಕಿ. ಯಾವ ರೋಗಕ್ಕೆ ಯಾವ ಔಷಧಿ, ಲೀಟರಿಗೆ ಎಷ್ಟು ಮಿಲಿ ಅನ್ನೋದನ್ನು ಅವರ ಮಾತಿನ ಮೇಲೆ ಬರೀಬೇಡಿ. ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಧಾರವಾಡ ಕೃಷಿ ವಿವಿಗೋ, ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೋ ಕೇಳಿ, ಯಾರು ಹೇಳಿದರು, ಯಾವ ತಾರೀಖು ಅಂತ ಜೊತೆಗೇ ಬರೆಯಿರಿ. ಒಂದು ಸೊನ್ನೆ ಹೆಚ್ಚಾದರೆ ಇಡೀ ಮಡಿ ಸುಟ್ಟುಹೋಗುತ್ತೆ.

ಮಾರಾಟದ ಪಟ್ಟಿ ಇಡೋದಾದ್ರೆ ಇನ್ನೂ ಹುಷಾರು. ಅಗ್ಗದ ಟ್ರ್ಯಾಕ್ಟರ್, ಅಗ್ಗದ ಎಮ್ಮೆ ಫೋಟೋ ಹಾಕಿ ಅಡ್ವಾನ್ಸ್ ಹೊಡೆಯೋ ವಂಚಕರು ಇಂಥ ಜಾಗಾನೇ ಹುಡುಕ್ತಾರೆ. ನಿಯಮ ಸರಳ: ಮಾರೋರ ಮನೆ ನಿಮಗೆ ಗೊತ್ತಿದ್ದರೆ ಮಾತ್ರ ಪಟ್ಟಿಗೆ. ಯಾರಿಗಾದರೂ ಮೋಸ ಆದರೆ ತಕ್ಷಣ 1930ಕ್ಕೆ ಫೋನ್ ಮಾಡಿಸಿ, ಮೊದಲ ಕೆಲವು ಗಂಟೆಯಲ್ಲಿ ದುಡ್ಡು ತಡೆಯೋ ಅವಕಾಶ ಹೆಚ್ಚು. ಯಾರದೇ ಫೋನ್ ನಂಬರ್ ಹಾಕೋ ಮುಂಚೆ ಅವರನ್ನ ಕೇಳಿ. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯ್ದೆಯೇ ಬಂದಿದೆ, ಅದಿಲ್ಲದಿದ್ದರೂ ಕೇಳೋದು ಮರ್ಯಾದೆ.

ಪಂಚಾಯಿತಿ ಚುನಾವಣೆ ಬಂದಾಗ ಎರಡೂ ಕಡೆಯವರು ಬರ್ತಾರೆ. ಮತದಾನದ ತಾರೀಖು, ಮತಗಟ್ಟೆ, ಅಭ್ಯರ್ಥಿಗಳ ಪಟ್ಟಿ ಹಾಕಿ, ಭಾಷಣ ಬೇಡ. ಪಂಚಾಯಿತಿ ಕಾಮಗಾರಿಗೆ ಎಷ್ಟು ದುಡ್ಡು ಬಂತು, ಏನಾಯ್ತು ಅನ್ನೋದನ್ನು ಮಾತ್ರ ದಾಖಲೆ ಸಮೇತ ಹಾಕಲೇಬೇಕು ಅಂತ ನನ್ನ ಅಭಿಪ್ರಾಯ. ಬೈಸಿಕೊಳ್ಳೋಕೆ ತಯಾರಿರಿ.

ಸೈಟ್ ಸಾಯೋದು ಯಾಕೆ?

ಹಳ್ಳಿ ಸೈಟುಗಳು ಓದುಗರಿಲ್ಲದೆ ಸಾಯೋದಕ್ಕಿಂತ ಪಾಸ್‌ವರ್ಡ್ ಇಲ್ಲದೆ ಸಾಯೋದು ಹೆಚ್ಚು. ಶುರು ಮಾಡಿದ ಹುಡುಗನಿಗೆ ಪುಣೆಯಲ್ಲಿ ನೌಕರಿ ಸಿಗುತ್ತೆ, ಡೊಮೈನ್ ಅವನ ಹಳೇ ಇಮೇಲಲ್ಲಿ, ಹಳೇ ಸಿಮ್ ಬಂದ್. ನವೀಕರಣದ ಮೆಸೇಜ್ ಯಾರೂ ನೋಡಲ್ಲ. ಅವಧಿ ಮುಗಿದ ಮೇಲೆ ಆ ಹೆಸರನ್ನು ಯಾರೋ ಕೊಂಡು ರಮ್ಮಿ ಆಟದ ಪುಟ ಹಾಕಿದರೆ, ನೀವು ಅಂಟಿಸಿದ ಕ್ಯೂಆರ್ ಕೋಡ್‌ಗಳೆಲ್ಲ ಆ ಪುಟಕ್ಕೇ ಕರ್ಕೊಂಡು ಹೋಗ್ತಾವೆ.

ಹೀಗಾಗಿ ಮೊದಲ ದಿನವೇ ಸೈಟಿಗೆ ಬೇರೆ ಇಮೇಲ್ ಮಾಡಿ, ಅದಕ್ಕೆ ಊರಲ್ಲೇ ಇರೋ ಇಬ್ಬರ ನಂಬರ್ ಜೋಡಿಸಿ. ಡೊಮೈನ್ ಒಂದೇ ಸಲ ಐದು ವರ್ಷಕ್ಕೆ ತಗೊಳ್ಳಿ. ಬರೆಯೋಕೆ ಮೂರು ಜನ ಸಾಕು: ಒಬ್ಬರು ದರ, ಒಬ್ಬರು ಮಳೆ ಮತ್ತು ಬೆಳೆ, ಒಬ್ಬರು ಊರಿನ ಸುದ್ದಿ. ಮೂವರಲ್ಲಿ ಒಬ್ಬರಾದರೂ ಸ್ವಸಹಾಯ ಸಂಘದ ಅಕ್ಕನೋ ತಂಗಿಯೋ ಆಗಿರಲಿ, ರೇಷನ್, ಅಂಗನವಾಡಿ, ಸಾಲದ ಸುದ್ದಿ ಮೊದಲು ಗೊತ್ತಾಗೋದು ಅವರಿಗೇ. ನವೀಕರಣದ ತಾರೀಖನ್ನು ಪಾಸ್‌ವರ್ಡ್ ಜೊತೆ ಒಂದು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಹಾಕಿ, ಊರಿನ ಲೈಬ್ರರಿಯಲ್ಲೋ ನಂಬಿಕೆಯ ಹಿರಿಯರ ಮನೆಯ ಕಪಾಟಲ್ಲೋ ಇಟ್ಟುಬಿಡಿ.