ಮೊದಲು ಗೊತ್ತಾದವಳೇ ತಪ್ಪಿತಸ್ಥೆ

ಬಸುರಿಯಾದ ಮೊದಲ ತಿಂಗಳುಗಳಲ್ಲೇ ಹೆಣ್ಣುಮಗಳ ರಕ್ತ ತೆಗೆಯುತ್ತಾರೆ. ಹಿಮೋಗ್ಲೋಬಿನ್, ಸಕ್ಕರೆ, ಅದರ ಜೊತೆಗೇ ಎಚ್‌ಐವಿ. ಗಂಡನಿಗೆ ಅಂಥ ಸಂದರ್ಭ ಬರುವುದೇ ಇಲ್ಲ. ಹೀಗಾಗಿ ಮನೆಯಲ್ಲಿ ಸೋಂಕು ಮೊದಲು ಪತ್ತೆಯಾಗುವುದು ಎಷ್ಟೋ ಸಲ ಸೊಸೆಯ ಹೆಸರಿನಲ್ಲಿ. ನಮ್ಮ ದೇಶದ ಹೆಚ್ಚಿನ ಹೆಂಗಸರಿಗೆ ಇದು ತಗಲಿದ್ದು ಸ್ವಂತ ಗಂಡನಿಂದಲೇ ಎಂಬುದು ವೈದ್ಯರಿಗೆ ಗೊತ್ತು, ಸಮಾಲೋಚಕರಿಗೆ ಗೊತ್ತು. ಅತ್ತೆಗೆ ಮಾತ್ರ ಚೀಟಿಯ ಮೇಲಿನ ಹೆಸರೇ ಸಾಕ್ಷಿ. ‘ಈಕಿ ಕಾಲ್ಗುಣ’ ಎಂದು ಒಮ್ಮೆ ಅಂದುಬಿಟ್ಟರೆ ಮುಗಿಯಿತು. ನೀನೂ ಪರೀಕ್ಷೆ ಮಾಡಿಸಿಕೋ ಎಂದರೆ, ‘ನನಗೇನಾಗೈತಿ’ ಎಂದು ಗಂಡ ಎದ್ದು ಹೋಗುತ್ತಾನೆ.

ನಾನು ಹೇಳುತ್ತಿರುವ ಹೆಂಗಸರು ಜತ್ತದ ಕಡೆಯವರು. ಜತ್ತ ಎಂದರೆ ಓದುಗರಿಗೆ ನೆನಪಾಗುವುದು ಗಡಿ, ಇಲ್ಲವೇ ನೀರು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಈ ತಾಲ್ಲೂಕಿನ ಪೂರ್ವದ ಹಳ್ಳಿಗಳು 2022ರ ಕೊನೆಯಲ್ಲಿ ಗಡಿ ತಕರಾರಿನಿಂದಾಗಿ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ರಾಜಕಾರಣಿಗಳ ಬಾಯಲ್ಲಿದ್ದವು. ಉಮದಿ, ಸಂಖ, ಗುಡ್ಡಾಪುರದ ಕಡೆ ಮನೆಮಾತು ಕನ್ನಡ, ಕಚೇರಿ ಮಾತು ಮರಾಠಿ. ಮಳೆ ನೆಚ್ಚುವಂತಿಲ್ಲ. ದಸರೆ ಮುಗಿಯುತ್ತಲೇ ಗಂಡ ಹೆಂಡತಿ ಕೂಡಿ ಕಬ್ಬು ಕಡಿಯಲು ಹೊರಡುವ ಕುಟುಂಬಗಳು ಇಲ್ಲಿವೆ. ಆ ಕೂಲಿಯ ಲೆಕ್ಕದಲ್ಲಿ ಒಂದು ಜೋಡಿ ಎಂದರೆ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲು. ಗಂಡ ಸತ್ತವಳು ಅರ್ಧ ಕೊಯ್ತಾ. ಜೋಡಿಗೆ ಸಿಗುವಂತೆ ಅವಳಿಗೆ ಮುಂಗಡ ಸಿಗುವುದಿಲ್ಲ.

ಮೈಗೆ ಔಷಧವಿದೆ, ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ. 2004ರ ಏಪ್ರಿಲ್ ಒಂದರಿಂದ ಸರ್ಕಾರ ಎಆರ್‌ಟಿ ಗುಳಿಗೆಗಳನ್ನು ಪುಕ್ಕಟೆ ಕೊಡುತ್ತಿದೆ. 2017ರಿಂದ ರಕ್ತದ ರೋಗನಿರೋಧಕ ಕಣಗಳ (ಸಿಡಿ4) ಎಣಿಕೆ ಇಳಿಯಲೆಂದು ಕಾಯಿಸದೆ, ಸೋಂಕು ಖಚಿತವಾದ ಕೂಡಲೇ ಶುರು ಮಾಡುತ್ತಾರೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಗುಳಿಗೆ. ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಕೂಡಿ ಬಾಳಿದರೂ ಸಂಗಾತಿಗೆ ದಾಟುವುದಿಲ್ಲ. ಇಷ್ಟಿದ್ದೂ ಆ ಒಂದು ಗುಳಿಗೆಯನ್ನು ಯಾರ ಕಣ್ಣಿಗೂ ಬೀಳದಂತೆ ನುಂಗುವುದೇ ದೊಡ್ಡ ಕೆಲಸ. ಪ್ಲಾಸ್ಟಿಕ್ ಡಬ್ಬಿ ಅಲುಗಾಡಿದರೆ ಸದ್ದಾಗುತ್ತದೆ, ಅದಕ್ಕೆ ಒಳಗೆ ಹತ್ತಿ ತುರುಕಬೇಕು. ಮೇಲಿನ ಚೀಟಿಯನ್ನು ನೀರಲ್ಲಿ ನೆನೆಸಿ ಉಗುರಿನಿಂದ ಕೆರೆದು ತೆಗೆಯಬೇಕು. ಯಾರಾದರೂ ಕೇಳಿದರೆ ರಕ್ತ ಕಡಿಮೆ ಇದೆ, ಟಾನಿಕ್ಕಿನ ಗುಳಿಗೆ ಎನ್ನಬೇಕು. ಎಆರ್‌ಟಿಯ ಹಸಿರು ಪುಸ್ತಕ ಹಿಟ್ಟಿನ ಡಬ್ಬಿಯ ತಳ ಸೇರುತ್ತದೆ. ಗುಳಿಗೆ ತರಲೆಂದು ಊರು ಬಿಡುವಾಗ ಪ್ರತಿಸಲ ಹೊಸ ನೆಪ ಬೇಕು: ತವರಿನಲ್ಲಿ ಯಾರಿಗೋ ಜಡ್ಡು, ಬ್ಯಾಂಕಿನ ಕೆಲಸ, ಗುಡ್ಡಾಪುರದ ದಾನಮ್ಮನಿಗೆ ಹರಕೆ. ಪೂರ್ವದ ಹಳ್ಳಿಗಳಿಗೆ ಸಾಂಗ್ಲಿಗಿಂತ ವಿಜಯಪುರವೇ ಹತ್ತಿರ. ಆದರೂ ಇಂಥ ಹೆಂಗಸರು ನೋಡುವುದು ದೂರವನ್ನಲ್ಲ, ಊರಿನವರು ಎದುರಾಗದ ಆಸ್ಪತ್ರೆ ಯಾವುದೆಂದು.

ಬಸಿರಿನ ಮಾತಿಗೆ ಮರಳೋಣ. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿತ ತಾಯಂದಿರ ನೂರು ಕೂಸುಗಳಲ್ಲಿ 15ರಿಂದ 45ಕ್ಕೆ ಸೋಂಕು ತಗಲಬಹುದು. ತಾಯಿ ಸರಿಯಾಗಿ ಗುಳಿಗೆ ನುಂಗಿದರೆ ಅದು ಐದಕ್ಕಿಂತ ಕೆಳಗಿಳಿಯುತ್ತದೆ. ಹುಟ್ಟಿದ ಕೂಸಿಗೆ ಕೆಲವು ವಾರ ಔಷಧ, ಆರು ವಾರಕ್ಕೆ ಒಂದು ಪರೀಕ್ಷೆ. ಕೊನೆಯ ಮಾತು ತಿಳಿಯುವುದು ಹದಿನೆಂಟು ತಿಂಗಳಿಗೆ. ಅಲ್ಲಿಯ ತನಕ ಕೂಸಿಗೆ ಮೈ ಬಿಸಿಯಾದರೆ ಎದೆ ಧಸಕ್ಕೆನ್ನುತ್ತದೆ, ಒಂದು ಹೊತ್ತು ಭೇದಿಯಾದರೂ ನಿದ್ದೆ ಹತ್ತುವುದಿಲ್ಲ. ಗುಳಿಗೆ ನುಂಗುತ್ತಾ ಎದೆಹಾಲು ಕೊಡು ಎಂದು ಸಮಾಲೋಚಕರು ಹೇಳಿರುತ್ತಾರೆ. ಮನೆಯಲ್ಲಿ ಗೊತ್ತಿದ್ದವರು ‘ವಿಷ ಕುಡಸಾಕತ್ತಿ’ ಎನ್ನುತ್ತಾರೆ. ಗೊತ್ತಿಲ್ಲದ ಮನೆಯಲ್ಲಿ ಹಾಲು ಬಿಡಿಸಿದರೂ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಈ ಹದಿನೆಂಟು ತಿಂಗಳಲ್ಲಿ ತಾಯಿಯ ಮನಸ್ಸು ಹೇಗಿದೆ ಎಂದು ಬರೆದುಕೊಳ್ಳಲು ಯಾವ ಕಾರ್ಡಿನಲ್ಲೂ ಒಂದು ಕಾಲಂ ಇದ್ದಂತಿಲ್ಲ.

ಗುಟ್ಟು ಬಯಲಾದರೆ ಮೊದಲು ಬೇರೆಯಾಗುವುದು ತಾಟು, ಆಮೇಲೆ ಹಾಸಿಗೆ. ಮದುವೆಮನೆಯಲ್ಲಿ ರೊಟ್ಟಿ ಬಡಿಯಲು ಕೂತವಳನ್ನು ‘ನೀ ಸುಮ್ಮ ಕೂಡು’ ಎಂದು ನಯವಾಗಿ ಎಬ್ಬಿಸುತ್ತಾರೆ. ಉಡಿ ತುಂಬಲು ಕರೆ ಬರುವುದಿಲ್ಲ. ರೊಟ್ಟಿಯಿಂದಾಗಲಿ ತಾಟಿನಿಂದಾಗಲಿ ಎಚ್‌ಐವಿ ಹರಡದು ಎಂದು ಗೋಡೆಗೋಡೆಯ ಮೇಲೆ ಬರೆದು ಎಷ್ಟೋ ವರ್ಷವಾಯಿತು. ಓದದೆ ಇದ್ದವರು ಕಡಿಮೆ, ನಂಬಿದವರು ಇನ್ನೂ ಕಡಿಮೆ.

ಗಂಡ ತೀರಿಕೊಂಡರೆ ಜಮೀನಿನ ದಾಖಲೆಯಾದ ಸಾತ್‌ಬಾರಾ ಉತಾರದಲ್ಲಿ ವಾರಸುದಾರಳೆಂದು ಹೆಂಡತಿಯ ಹೆಸರು ಏರಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುವುದೂ ಅದನ್ನೇ. ಆದರೆ ‘ಇನ್ನೆಷ್ಟು ದಿನ ಬದುಕ್ತಾಳ’ ಎಂದು ಮೈದುನ ಗ್ರಾಮಲೆಕ್ಕಿಗನಾದ ತಲಾಠಿಯ ಮುಂದೆ ಅಂದುಬಿಟ್ಟರೆ ಅವಳು ತವರಿನ ಬಸ್ಸು ಹತ್ತುತ್ತಾಳೆ. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಒಂದೇ ಸೂರಿನಡಿ ಬಾಳಿದ ಮನೆಯಿಂದ ಸೋಂಕಿತರನ್ನು ಹೊರಹಾಕುವಂತಿಲ್ಲ ಎನ್ನುತ್ತದೆ. ಆ ಹಕ್ಕು ಕೇಳಲು ಹೋದರೆ ಮೊದಲು ತನಗೆ ರೋಗವಿದೆ ಎಂದು ಹೇಳಿಕೊಳ್ಳಬೇಕಲ್ಲ. ಮಹಾರಾಷ್ಟ್ರದ ಸಂಜಯ ಗಾಂಧಿ ನಿರಾಧಾರ ಯೋಜನೆಯದೂ ಇದೇ ತೊಡಕು. ಏಡ್ಸ್ ರೋಗಿಯೆಂದೂ ಸಹಾಯಧನ ಕೇಳಬಹುದು, ವಿಧವೆಯೆಂದೂ ಕೇಳಬಹುದು. ಜಾಣೆಯರು ವಿಧವೆಯೆಂದೇ ಅರ್ಜಿ ಹಾಕುತ್ತಾರೆ. ಸರಿಯಾದದ್ದೇ ಮಾಡುತ್ತಾರೆ ಎನ್ನುತ್ತೇನೆ ನಾನು.

ಬಾಯಿಬಿಟ್ಟು ಮಾತಾಡಿದವರೂ ಇದೇ ಜಿಲ್ಲೆಯಲ್ಲಿದ್ದಾರೆ. ಊರು ಅವರನ್ನು ಗೌರವದಿಂದ ಕಂಡಿದ್ದಿಲ್ಲ, ಅಷ್ಟೆ. ಮೀನಾ ಸೇಷು 1992ರಲ್ಲಿ ಕಟ್ಟಿದ ಸಂಗ್ರಾಮ್ ಸಂಸ್ಥೆ ಸಾಂಗ್ಲಿಯ ಲೈಂಗಿಕ ಕಾರ್ಮಿಕರ ನಡುವೆ ಎಚ್‌ಐವಿ ತಡೆಯ ಕೆಲಸ ಮಾಡಿತು. 1996ರಲ್ಲಿ ಆ ಹೆಂಗಸರೇ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಗಡಿಯಾಚೆಯಿಂದ ಬಂದ ಕನ್ನಡದವರೂ ಅವರಲ್ಲಿದ್ದರು. ಕಾಂಡೋಮ್ ಹಂಚಿದರು, ಜಡ್ಡು ಬಿದ್ದವರನ್ನು ಆಸ್ಪತ್ರೆಗೆ ಒಯ್ದು ಪಕ್ಕದಲ್ಲಿ ಕೂತರು, ಪೊಲೀಸರನ್ನು ಪ್ರಶ್ನಿಸಿದರು. ತಾಳಿ ಕಟ್ಟಿಸಿಕೊಂಡು ಸೋಂಕು ಪಡೆದವಳಿಗೆ ಅಂಥ ಓಣಿಯೂ ಇಲ್ಲ, ಅಂಥ ಗೆಳತಿಯರೂ ಇಲ್ಲ. ಮಾನವಂತರ ಮನೆಯಲ್ಲಿ ಅವಳು ಒಬ್ಬಂಟಿ.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಪರೀಕ್ಷೆಯ ದಿನವೇ ಗಂಡನನ್ನೂ ಕೂರಿಸಿ ಇಬ್ಬರ ರಕ್ತ ಒಟ್ಟಿಗೆ ತೆಗೆದರೆ, ಚೀಟಿಯ ಮೇಲೆ ಒಬ್ಬಳದೇ ಹೆಸರು ಇರುವುದಿಲ್ಲ. ಕೊರೊನಾ ಕಾಲದಲ್ಲಿ ಕೆಲವು ತಿಂಗಳ ಗುಳಿಗೆ ಒಟ್ಟಿಗೆ ಕೊಟ್ಟಂತೆ, ಕಬ್ಬಿನ ಹಂಗಾಮಿಗೆ ಹೊರಡುವವರಿಗೂ ದಸರೆಯ ಮೊದಲೇ ಕಟ್ಟಿಕೊಡಬಹುದು. ಸಮಾಲೋಚಕರ ಕುರ್ಚಿಯಲ್ಲಿ ಕನ್ನಡ ಬಲ್ಲವರೊಬ್ಬರು ಕೂತರೆ ಮರಾಠಿ ಬಾರದ ತಾಯಿ ತನ್ನ ಗುಟ್ಟನ್ನು ಶಾಲೆಗೆ ಹೋಗುವ ಮಗನ ಬಾಯಿಂದ ಹೇಳಿಸಬೇಕಾಗುವುದಿಲ್ಲ.